ಅಪರಾಧ ಕಲಿಸುವ ಪುಸ್ತಕಕ್ಕೂ ವಾಕ್ ಸ್ವಾತಂತ್ರ್ಯ ಇರಬೇಕಾ? ಗೆರೆ ಎಲ್ಲಿ ಎಳೆಯೋದು?

ಪುಸ್ತಕಹುಳು

ಕೊಲೆ ಮಾಡುವುದು ಹೇಗೆ ಎಂದು ಮೊದಲಿಂದ ಕೊನೆವರೆಗೆ ಹೇಳಿಕೊಡುವ ಒಂದು ಪುಸ್ತಕ. ಅದನ್ನು ಓದಿದ ಒಬ್ಬ ನಿಜವಾಗಿ ಕೊಲೆ ಮಾಡುತ್ತಾನೆ. ಆಗ ಪುಸ್ತಕ ಅಚ್ಚು ಹಾಕಿ ಮಾರಿದವರ ಮೇಲೆ ಹೊಣೆ ಬರುತ್ತದಾ? ಅಮೆರಿಕದಲ್ಲಿ ಇದು ಕೋರ್ಟಿನವರೆಗೆ ಹೋಗಿತ್ತು. ಆ ತೀರ್ಪು ಓದಿದ ಮೇಲೆ ನನಗೆ ಇದರ ಬಗ್ಗೆ ನಾಲ್ಕು ಜನರ ಜೊತೆ ಮಾತಾಡಬೇಕು ಅನ್ನಿಸಿದೆ.

ಕೊಲೊರಾಡೊದ ಬೋಲ್ಡರ್‌ನಲ್ಲಿದ್ದ ಪ್ಯಾಲಡಿನ್ ಪ್ರೆಸ್ 1983ರಲ್ಲಿ 'ಹಿಟ್ ಮ್ಯಾನ್' ಎಂಬ 130 ಪುಟದ ಪುಸ್ತಕ ತಂದಿತು. ಬಾಡಿಗೆ ಕೊಲೆಗಾರನಾಗುವವನಿಗೆ ಕೈಪಿಡಿ ಅದು. ಬರೆದವರ ಹೆಸರು ರೆಕ್ಸ್ ಫೆರಲ್ ಅಂತ ಇತ್ತು, ಅದು ನಿಜವಾದ ಹೆಸರಲ್ಲ. ಸುಮಾರು 13,000 ಪ್ರತಿ ಖರ್ಚಾದವು. 1992ರಲ್ಲಿ ಒಬ್ಬ ಅದನ್ನು ತರಿಸಿಕೊಂಡ. 1993ರ ಮಾರ್ಚ್ 3ರಂದು ಅವನು ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಒಂದು ಮನೆಗೆ ನುಗ್ಗಿ ಮೂವರನ್ನು ಕೊಂದ. ಒಬ್ಬ ತಾಯಿ, ಎಂಟು ವರ್ಷದ ಮಗ, ಮಗುವನ್ನು ರಾತ್ರಿ ನೋಡಿಕೊಳ್ಳುತ್ತಿದ್ದ ನರ್ಸ್. ಆ ಮಗುವಿಗೆ ಕೈಕಾಲು ಸ್ವಾಧೀನದಲ್ಲಿರಲಿಲ್ಲ. ಚಿಕಿತ್ಸೆಯಲ್ಲಾದ ತಪ್ಪಿಗೆ ಸುಮಾರು 20 ಲಕ್ಷ ಡಾಲರ್ ಪರಿಹಾರ ಬಂದಿತ್ತು. ಆ ದುಡ್ಡಿಗಾಗಿ ಕೊಲೆಗಾರನನ್ನು ಗೊತ್ತು ಮಾಡಿದವನು ಮಗುವಿನ ಹೆತ್ತ ತಂದೆ.

ಕೊಲೆ ನಡೆದ ರೀತಿಯನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇಪ್ಪತ್ತಕ್ಕೂ ಜಾಸ್ತಿ ಕಡೆ ಹೊಂದಿಕೆ ಇತ್ತು. ಸತ್ತವರ ಮನೆಯವರು ಪ್ರಕಾಶಕರ ಮೇಲೆ ದಾವೆ ಹೂಡಿದರು. 1996ರಲ್ಲಿ ಕೆಳಗಿನ ಕೋರ್ಟು, ಇದು ಸಂವಿಧಾನದ ಮೊದಲ ತಿದ್ದುಪಡಿ (ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯ ಕಾಯುವುದು ಇದೇ) ಕಾಪಾಡುವ ಮಾತು ಎಂದು ದಾವೆ ವಜಾ ಮಾಡಿತು. 1997ರ ನವೆಂಬರ್‌ನಲ್ಲಿ ಫೋರ್ತ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ (ಅಲ್ಲಿನ ಪ್ರಾದೇಶಿಕ ಮೇಲ್ಮನವಿ ಕೋರ್ಟುಗಳಲ್ಲಿ ಒಂದು) ಅದನ್ನು ತಿರುಗಿಸಿತು, ಪ್ರಕರಣ ಜ್ಯೂರಿಯ, ಅಂದರೆ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ಮಂಡಳಿಯ ಮುಂದೆ ಹೋಗಬಹುದು ಎಂದಿತು. 1998ರಲ್ಲಿ ಸುಪ್ರೀಂ ಕೋರ್ಟು ಕೈ ಹಾಕಲು ಒಪ್ಪಲಿಲ್ಲ. 1999ರಲ್ಲಿ, ಇನ್ನೇನು ವಿಚಾರಣೆ ಶುರುವಾಗಬೇಕು ಅನ್ನುವಾಗ ರಾಜಿಯಾಯಿತು. ಪ್ರಕಾಶಕರು ಕೋಟಿಗಟ್ಟಲೆ ಪರಿಹಾರ ಕೊಟ್ಟರು, ಉಳಿದಿದ್ದ ಸುಮಾರು 700 ಪ್ರತಿಗಳನ್ನು ನಾಶ ಮಾಡಲು ಒಪ್ಪಿದರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪುಟದಲ್ಲಿ ಏನಿದೆ ಅನ್ನುವುದನ್ನು ನೋಡಿ ಪುಸ್ತಕದ ಹಣೆಬರಹ ತೀರ್ಮಾನಿಸಬಾರದು. ಯಾರಿಗೆ, ಯಾವ ಕೆಲಸಕ್ಕೆ ಅಂತ ಹೇಳಿ ಮಾರಿದರು ಅನ್ನುವುದನ್ನು ನೋಡಬೇಕು. ಕೊಲೆಗಾರನಿಗೆ ಕೊಲೆಗೆಂದೇ ತಿಳಿದು ಮಾರಿದವನು ಕೊಲೆಗೆ ಕೈಜೋಡಿಸಿದವನೇ. ಕೊಟ್ಟಿದ್ದು ಚೂರಿಯಲ್ಲ, ಮಾತು ಅನ್ನುವ ಕಾರಣಕ್ಕೆ ಅವನು ತಪ್ಪಿಸಿಕೊಳ್ಳಬಾರದು. ಆದರೆ ಇದೇ ಮಾತು ಹಿಡಿದುಕೊಂಡು ಯಾವುದೋ ಅಧಿಕಾರಿ ಪಟ್ಟಿ ಮಾಡಿ ಪುಸ್ತಕ ನಿಷೇಧಿಸುತ್ತೇನೆ ಅಂತ ಬಂದರೆ ನಾನು ಅವನ ಎದುರಿಗೆ ನಿಲ್ಲುತ್ತೇನೆ.

ನೀವೇನಂತೀರಿ?

ನೇರಮಾತು

ಇದಕ್ಕೆ ಇಷ್ಟುದ್ದ ಯಾಕೆ ಸ್ವಾಮಿ? ಕೊಲೆ ಕಲಿಸುವ ಪುಸ್ತಕ ನಿಷೇಧಿಸಿ, ಮುಗೀತು. ಆ ಎಂಟು ವರ್ಷದ ಮಗುವಿಗಿಂತ ಆ ಪ್ರಕಾಶಕನ ಮಾತಿನ ಹಕ್ಕು ದೊಡ್ಡದಾ? ಸ್ವಾತಂತ್ರ್ಯ ಇರುವುದು ವಿಚಾರ ಹೇಳುವುದಕ್ಕೆ. ಇದರಲ್ಲಿ ವಿಚಾರ ಎಲ್ಲಿದೆ?

ಮೇಷ್ಟ್ರು

ನೇರಮಾತು ಅವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಒಂದು ವಿಷಯ ಯೋಚಿಸಿ. ನಾನು ರಸಾಯನಶಾಸ್ತ್ರ ಪಾಠ ಮಾಡುವವನು. ಯಾವ ಎರಡು ವಸ್ತು ಒಟ್ಟಿಗೆ ಸೇರಿಸಬಾರದು, ಸೇರಿಸಿದರೆ ಯಾವ ಅನಿಲ ಬರುತ್ತದೆ, ಎಷ್ಟಾದರೆ ಪ್ರಾಣಕ್ಕೆ ಅಪಾಯ ಅನ್ನುವುದನ್ನು ಮಕ್ಕಳಿಗೆ ಹೇಳಲೇಬೇಕು. ಹೇಳದಿದ್ದರೆ ಪ್ರಯೋಗಾಲಯದಲ್ಲೇ ಅನಾಹುತ ಆಗುತ್ತದೆ. ಅದೇ ಮಾಹಿತಿ ಕೆಟ್ಟವನ ಕೈಗೆ ಸಿಕ್ಕರೆ ಅವನಿಗೂ ಪಾಠವೇ. ವಿಷಶಾಸ್ತ್ರದ ಪುಸ್ತಕ, ಬೀಗ ರಿಪೇರಿಯ ಪುಸ್ತಕ, ಪೊಲೀಸರ ತನಿಖಾ ಕೈಪಿಡಿ, ಕಂಪ್ಯೂಟರ್ ಭದ್ರತೆಯ ಪುಸ್ತಕ ಎಲ್ಲವೂ ಹಾಗೇ. ತಡೆಯುವವನಿಗೂ ಮಾಡುವವನಿಗೂ ಬೇಕಾಗಿರುವುದು ಒಂದೇ ಜ್ಞಾನ.

ಆದ್ದರಿಂದ ಪುಟ ನೋಡಿ ನಿಷೇಧಿಸುತ್ತೇನೆ ಅಂತ ಹೊರಟರೆ ಮೊದಲು ಸಿಕ್ಕಿಬೀಳುವುದು ನಮ್ಮಂಥವರು.

ಕರಿಕೋಟು

ಪುಸ್ತಕಹುಳು ಅವರು ಪ್ರಕರಣವನ್ನು ಸರಿಯಾಗಿಯೇ ಹೇಳಿದ್ದಾರೆ. ವಕೀಲಿಕೆಯವಳಾಗಿ ಎರಡು ವಿಷಯ ಸೇರಿಸಬೇಕು, ಅವಿಲ್ಲದೆ ಈ ತೀರ್ಪು ಅರ್ಥವಾಗುವುದಿಲ್ಲ.

ಮೊದಲನೆಯದು ಬ್ರ್ಯಾಂಡನ್‌ಬರ್ಗ್ ಪ್ರಕರಣ, 1969. ಒಹಾಯೊದಲ್ಲಿ ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನ ಮುಂದಾಳು ಒಬ್ಬ ದ್ವೇಷದ ಭಾಷಣ ಮಾಡಿ ಶಿಕ್ಷೆಗೆ ಒಳಗಾಗಿದ್ದ. ಸುಪ್ರೀಂ ಕೋರ್ಟು ಶಿಕ್ಷೆ ರದ್ದು ಮಾಡಿತು. ಕಾನೂನು ಮುರಿಯಿರಿ ಎಂದು ಬೋಧಿಸಿದ್ದಕ್ಕೇ ಯಾರನ್ನೂ ಶಿಕ್ಷಿಸುವಂತಿಲ್ಲ. ಮಾತು ಈಗಿಂದೀಗಲೇ ಅಪರಾಧ ನಡೆಸುವಂತೆ ಉದ್ರೇಕಿಸುವ ಉದ್ದೇಶದ್ದಾಗಿರಬೇಕು, ಹಾಗೆ ನಡೆದುಬಿಡುವ ಸಂಭವವೂ ಇರಬೇಕು. ಈ ಅಳತೆಗೋಲಲ್ಲಿ ನೋಡಿದರೆ ಪುಸ್ತಕ ಯಾವಾಗಲೂ ಗೆಲ್ಲುತ್ತದೆ. ಯಾಕಂದ್ರೆ ಪುಸ್ತಕವನ್ನು ಜನ ಮನೆಯಲ್ಲಿ ಕೂತು ಓದುತ್ತಾರೆ. ಓದಿದವನು ಆ ಗಳಿಗೆಯಲ್ಲೇ ಎದ್ದು ಹೊರಡುವುದಿಲ್ಲ. ಈ ಪ್ರಕರಣದಲ್ಲೇ ಪುಸ್ತಕ ತರಿಸಿಕೊಂಡದ್ದಕ್ಕೂ ಕೊಲೆಗೂ ನಡುವೆ ಒಂದು ವರ್ಷಕ್ಕೂ ಜಾಸ್ತಿ ಅಂತರ. ಕೆಳಗಿನ ಕೋರ್ಟು ಇದನ್ನೇ ಹಿಡಿದಿತ್ತು.

ಮೇಲ್ಮನವಿಯಲ್ಲಿ ನ್ಯಾಯಾಧೀಶ ಮೈಕಲ್ ಲಟಿಗ್ ಬೇರೆ ದಾರಿ ಹಿಡಿದರು. ಬ್ರ್ಯಾಂಡನ್‌ಬರ್ಗ್ ಅನ್ವಯವಾಗುವುದು ಅಪರಾಧವನ್ನು ಸಮರ್ಥಿಸುವ ಮಾತಿಗೆ. ಅಪರಾಧಕ್ಕೆ ನೆರವಾಗುವ ಮಾತಿನ ಲೆಕ್ಕವೇ ಬೇರೆ ಅಂದರು. ಇದು ಹೊಸದೇನಲ್ಲ. ಕಳ್ಳನಿಗೆ ತಿಜೋರಿಯ ನಂಬರ್ ಹೇಳಿದವನು ಬರೀ ಮಾತಾಡಿದ ಅಂತ ಯಾವ ಕೋರ್ಟೂ ಬಿಡುವುದಿಲ್ಲ. ಅಪರಾಧ ನಡೆಯುವುದು ಮಾತಿನ ಮೂಲಕ ಅನ್ನುವ ಕಾರಣಕ್ಕೆ ಅದಕ್ಕೆ ರಕ್ಷಣೆ ಸಿಗದು ಎಂದು 1949ರ ಗಿಬೋನಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. 1982ರಲ್ಲಿ ನೈಂತ್ ಸರ್ಕ್ಯೂಟ್ ಮಾದಕವಸ್ತು ತಯಾರಿಸುವ ವಿವರಗಳನ್ನು ಅಂಚೆಯಲ್ಲಿ ಮಾರುತ್ತಿದ್ದವನ ಬಗ್ಗೆಯೂ ಹೀಗೇ ಹೇಳಿತು.

ಎರಡನೆಯದು ಇನ್ನೂ ಮುಖ್ಯ. ಪ್ರಕಾಶಕರು ಕೋರ್ಟಿನಲ್ಲಿ ಲಿಖಿತವಾಗಿ ಏನು ಒಪ್ಪಿಕೊಂಡಿದ್ದರು ಗೊತ್ತಾ? ಅಪರಾಧಿಗಳನ್ನು ಸೆಳೆಯಬೇಕು, ಅವರಿಗೆ ನೆರವಾಗಬೇಕು ಎಂಬ ಉದ್ದೇಶ ನಮಗಿತ್ತು. ಕೊಲೆ ಮಾಡುವವರು ಇದನ್ನು ಬಳಸುತ್ತಾರೆ ಎಂಬುದು ನಮಗೆ ಗೊತ್ತಿತ್ತು, ಹಾಗೆ ಬಳಸಲಿ ಎಂದೇ ಇತ್ತು. ಈ ಕೊಲೆಗಾರನಿಗೆ ನಮ್ಮ ಪುಸ್ತಕದಿಂದ ನೆರವಾಯಿತು. ಇದಿಷ್ಟನ್ನೂ ಒಪ್ಪಿಕೊಂಡರು! ಯಾಕೆ? ಇಷ್ಟೆಲ್ಲ ಇದ್ದರೂ ಮೊದಲ ತಿದ್ದುಪಡಿ ನಮ್ಮನ್ನು ಕಾಪಾಡುತ್ತದೆ ಎಂದು ವಿಚಾರಣೆ ಇಲ್ಲದೆಯೇ ಗೆಲ್ಲುವ ಲೆಕ್ಕಾಚಾರ. ಆ ಹಂತದ ಮಟ್ಟಿಗಷ್ಟೇ ಮಾಡಿದ ಒಪ್ಪಿಗೆ ಅದು. ಪತ್ತೇದಾರಿ ಲೇಖಕರು, ಪೊಲೀಸರು, ಅಪರಾಧಶಾಸ್ತ್ರ ಓದುವವರು, ಸುಮ್ನೆ ಕುತೂಹಲಕ್ಕೆ ಓದುವವರು ಕೂಡ ನಮ್ಮ ಗಿರಾಕಿಗಳು ಅನ್ನುವುದನ್ನೂ ದಾಖಲೆಗೆ ಸೇರಿಸಿದ್ದರು. ಲೆಕ್ಕಾಚಾರ ಕೆಳಗಿನ ಕೋರ್ಟಿನಲ್ಲಿ ಗೆದ್ದಿತು, ಮೇಲೆ ಮುಳುಗಿತು.

ಹಾಗಾಗಿ ಈ ತೀರ್ಪು ಎಲ್ಲ ಪ್ರಕಾಶಕರಿಗೂ ಅನ್ವಯಿಸುತ್ತದೆ ಅಂತ ಹೇಳುವಾಗ ಹುಷಾರಾಗಿರಬೇಕು. ಇಷ್ಟು ಒಪ್ಪಿಕೊಳ್ಳುವ ಇನ್ನೊಬ್ಬ ಪ್ರಕಾಶಕ ಸಿಗುವುದು ಕಷ್ಟ.

ನೇರಮಾತು

ಕರಿಕೋಟು ಮೇಡಂ, ಒಪ್ಪಿಕೊಂಡಿರದಿದ್ದರೆ? ಜಾಣ ಪ್ರಕಾಶಕ ಮೊದಲ ಪುಟದಲ್ಲಿ 'ಇದು ಮಾಹಿತಿಗಾಗಿ ಮಾತ್ರ' ಅಂತ ಹಾಕಿ ಕೈತೊಳೆದುಕೊಳ್ಳುತ್ತಾನೆ. ಆಗ ನಿಮ್ಮ ಉದ್ದೇಶದ ಪರೀಕ್ಷೆ ಏನು ಮಾಡುತ್ತದೆ?

ಕರಿಕೋಟು

ಈ ಪುಸ್ತಕದಲ್ಲೂ ಅಂಥ ಸಾಲು ಇತ್ತು. ಕೋರ್ಟು ಅದಕ್ಕೆ ಸೊಪ್ಪು ಹಾಕಲಿಲ್ಲ.

ಒಪ್ಪಿಗೆ ಇರದಿದ್ದರೂ ಜ್ಯೂರಿ ಉದ್ದೇಶವನ್ನು ಬೇರೆ ಕಡೆಯಿಂದ ತಿಳಿಯಬಹುದು ಎಂದು ಲಟಿಗ್ ವಿವರವಾಗಿ ಬರೆದಿದ್ದಾರೆ. ಪುಸ್ತಕ ತಾನೇ ಹೇಳಿಕೊಳ್ಳುವ ಉದ್ದೇಶ ಏನು, ಕ್ಯಾಟಲಾಗಿನಲ್ಲಿ ಏನಂತ ಬರೆದು ಪ್ರಚಾರ ಮಾಡಿದರು, ಯಾರನ್ನು ಗುರಿಯಿಟ್ಟು ಮಾರಿದರು, ಇದನ್ನು ನ್ಯಾಯವಾಗಿ ಬಳಸುವ ಬೇರೆ ದಾರಿ ಏನಾದರೂ ಇದೆಯಾ. ಪ್ಯಾಲಡಿನ್ ಕ್ಯಾಟಲಾಗಿನ ಧಾಟಿ, ವೃತ್ತಿಪರನಿಂದ ಕಲಿಯಿರಿ ಅನ್ನುವಂತಿತ್ತು. ಬರೆದವನು ಸ್ವತಃ ಬಾಡಿಗೆ ಕೊಲೆಗಾರ ಅಂತಲೂ ಅದರಲ್ಲಿ ಹೇಳಿದ್ದರು.

ತೀರ್ಪಿನ ಶುರುವಿನಲ್ಲೇ ಪುಸ್ತಕದಿಂದ ಪುಟಗಟ್ಟಲೆ ಉದ್ಧರಿಸಿದ್ದಾರೆ. ಓದುತ್ತಾ ಹೋದರೆ ನಡುನಡುವೆ ಚುಕ್ಕಿಗಳು ಬರುತ್ತವೆ. ಆ ಭಾಗಗಳನ್ನು ಇಲ್ಲಿ ಮತ್ತೆ ಅಚ್ಚು ಮಾಡಿದರೆ ಜನರಿಗೆ ಅಪಾಯ, ಅದಕ್ಕೇ ಬಿಟ್ಟಿದ್ದೇವೆ ಅನ್ನುತ್ತದೆ ಕೋರ್ಟು. ವಾಕ್ ಸ್ವಾತಂತ್ರ್ಯದ ತೀರ್ಪೊಂದರಲ್ಲಿ ನ್ಯಾಯಾಲಯ ಹೀಗೆ ತನ್ನ ಉದ್ಧರಣೆಯನ್ನೇ ಕತ್ತರಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಕತೆಗಾರ

ನಾನು ಪತ್ತೇದಾರಿ ಕತೆ ಬರೆಯುವವನು. ಈ ಚರ್ಚೆ ನನಗೆ ನೇರವಾಗಿ ತಾಗುತ್ತದೆ.

ಈ ಪ್ರಕರಣದ ಬಗ್ಗೆ ಅಮೆರಿಕದ ಪತ್ರಿಕೆಗಳಲ್ಲಿ ಬಂದ ಒಂದು ಸಂಗತಿ ಇದೆ. 'ಹಿಟ್ ಮ್ಯಾನ್' ಬರೆದವರು ಕೊಲೆಗಾರರೇ ಅಲ್ಲ, ಫ್ಲೋರಿಡಾದ ಒಬ್ಬ ಹೆಂಗಸು, ಮಕ್ಕಳ ತಾಯಿ. ಆಕೆ ಮೊದಲು ಕಳಿಸಿದ್ದು ಕಾದಂಬರಿ. ಇದನ್ನು ಕೈಪಿಡಿ ಮಾಡಿಕೊಡಿ ಎಂದು ಕೇಳಿದವರು ಪ್ರಕಾಶಕರು. ಇದು ನಿಜವಾದರೆ ಇಡೀ ಪ್ರಶ್ನೆ ಇಲ್ಲೇ ಇದೆ ಅಲ್ವಾ? ಕಾದಂಬರಿಯಲ್ಲಿ ಒಂದು ಪಾತ್ರ ಅದನ್ನೆಲ್ಲ ಮಾಡುತ್ತದೆ. ಅದರ ಮನಸ್ಸಲ್ಲಿ ಏನಾಗುತ್ತದೆ, ಸತ್ತವನ ಮನೆಯಲ್ಲಿ ಏನಾಗುತ್ತದೆ ಎಲ್ಲವೂ ಬರುತ್ತದೆ. ಕೈಪಿಡಿಯಲ್ಲಿ ಆ ಪಾತ್ರ ತೆಗೆದುಹಾಕಿ, ಆ ಜಾಗದಲ್ಲಿ 'ನೀನು' ಅಂತ ಓದುಗನನ್ನು ನಿಲ್ಲಿಸುತ್ತಾರೆ. ಕಾದಂಬರಿಯಾಗಿಯೇ ಬಂದಿದ್ದರೆ ಪ್ರಕಾಶಕರ ಮೇಲೆ ಈ ದಾವೆ ನಿಲ್ಲುತ್ತಿತ್ತಾ? ನನಗಂತೂ ನಂಬಿಕೆ ಇಲ್ಲ.

ಆದರೂ ಭಯ ಇದೆ. ಈ ತೀರ್ಪು ಬಂದ ಬೆನ್ನಲ್ಲೇ ಲೂಯಿಸಿಯಾನಾದಲ್ಲಿ 'ನ್ಯಾಚುರಲ್ ಬಾರ್ನ್ ಕಿಲ್ಲರ್ಸ್' ಸಿನಿಮಾ ಮಾಡಿದವರ ಮೇಲೆ ನಡೆಯುತ್ತಿದ್ದ ದಾವೆಗೆ ಜೀವ ಬಂತು. ಸಿನಿಮಾ ನೋಡಿದ ಜೋಡಿಯೊಂದು ಒಬ್ಬ ಹೆಂಗಸಿಗೆ ಗುಂಡು ಹೊಡೆದಿತ್ತು. ಉದ್ದೇಶ ಇತ್ತು ಎಂದು ದೂರಿನಲ್ಲಿ ಬರೆದಿದ್ದಾರೆ, ಆದ್ದರಿಂದ ದಾವೆ ಮುಂದುವರಿಯಲಿ ಎಂದು 1998ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಆಧಾರ ಏನೂ ಇಲ್ಲ ಎಂದು ಅದು ವಜಾ ಆದದ್ದು 2001ರಲ್ಲಿ. ಅಷ್ಟು ವರ್ಷ ವಕೀಲರಿಗೆ ದುಡ್ಡು ಸುರಿಯಲು ದೊಡ್ಡ ಸ್ಟುಡಿಯೋಗೆ ಆಗುತ್ತದೆ. ನನ್ನಂಥವನಿಗೆ ಆಗುತ್ತದಾ? ಸಣ್ಣ ಪ್ರಕಾಶಕರಿಗೆ ಆಗುತ್ತದಾ? ಗೆಲ್ಲುತ್ತೇವೆ ಅಂತ ಗೊತ್ತಿದ್ದರೂ ದಾವೆಯ ಹೆದರಿಕೆಗೇ ಪುಟ ಹರಿದು ಹಾಕುತ್ತೇವೆ.

ಪ್ಯಾಲಡಿನ್ ಪರವಾಗಿ ಕೋರ್ಟಿಗೆ ಅರ್ಜಿ ಹಾಕಿದ್ದವರಲ್ಲಿ ದೊಡ್ಡ ದೊಡ್ಡ ಪತ್ರಿಕೆಗಳು, ಟಿವಿ ಜಾಲಗಳು ಇದ್ದವು. ಅವರಿಗೆ ಆ ಪುಸ್ತಕದ ಮೇಲೆ ಪ್ರೀತಿ ಇರಲಿಲ್ಲ. ಇದೇ ಹೆದರಿಕೆ ಇತ್ತು.

ಪುಸ್ತಕಹುಳು

ಕತೆಗಾರರೇ, ನಿಮ್ಮ ಹೆದರಿಕೆ ನ್ಯಾಯವಾದದ್ದು. ಅದಕ್ಕೇ ನಾನು ಉದ್ದೇಶಕ್ಕೆ ಅಂಟಿಕೊಳ್ಳುವುದು. 'ಗೊತ್ತಿತ್ತು' ಅನ್ನುವುದು ಸಾಲದು, 'ಗೊತ್ತಾಗಬೇಕಿತ್ತು' ಅನ್ನುವುದಂತೂ ಬೇಡವೇ ಬೇಡ. ಸಾವಿರಾರು ಜನಕ್ಕೆ ಪುಸ್ತಕ ಮಾರುವ ಯಾರಿಗಾದರೂ ಅದರಲ್ಲಿ ಒಬ್ಬ ಕೆಟ್ಟವನು ಇರಬಹುದು ಎಂದು ಗೊತ್ತೇ ಇರುತ್ತದೆ. ಅಷ್ಟಕ್ಕೆ ಹೊಣೆ ಹೊರಿಸಿದರೆ ಯಾರೂ ಏನೂ ಅಚ್ಚು ಹಾಕುವಂತಿಲ್ಲ. ಕೆಟ್ಟವನಿಗೆ ಸಿಗಲಿ, ಅವನ ಕೆಲಸ ಆಗಲಿ ಎಂದು ಬಯಸಿದ್ದರಾ? ಅದನ್ನು ಸಾಬೀತು ಮಾಡುವ ಭಾರ ದಾವೆ ಹೂಡಿದವರ ಮೇಲೆ ಇರಬೇಕು.

ಇದನ್ನು ಇನ್ನೊಂದು ಪ್ರಕರಣದ ಪಕ್ಕ ಇಟ್ಟು ನೋಡಿ. ಅಣಬೆಗಳ ಬಗ್ಗೆ ಒಂದು ವಿಶ್ವಕೋಶ. ಅದನ್ನು ನಂಬಿ ಇಬ್ಬರು 1988ರಲ್ಲಿ ಕಾಡಿನ ಅಣಬೆ ಕಿತ್ತು ಬೇಯಿಸಿ ತಿಂದರು. ಅದು ವಿಷದ ಅಣಬೆ. ಇಬ್ಬರಿಗೂ ಯಕೃತ್ತಿನ ಕಸಿ ಮಾಡಬೇಕಾಯಿತು. ಪುಸ್ತಕದಲ್ಲಿ ಮಾಹಿತಿ ತಪ್ಪಿತ್ತು ಎಂದು ಪ್ರಕಾಶಕರ ಮೇಲೆ ದಾವೆ ಹಾಕಿದರು. 1991ರಲ್ಲಿ ನೈಂತ್ ಸರ್ಕ್ಯೂಟ್, ಪುಸ್ತಕದ ಒಂದೊಂದು ಮಾತನ್ನೂ ಪರಿಶೀಲಿಸುವ ಹೊಣೆ ಪ್ರಕಾಶಕರ ಮೇಲಿಲ್ಲ ಎಂದಿತು. ದಾವೆ ಬಿದ್ದುಹೋಯಿತು.

ನೋಡಿ, ಅಲ್ಲಿ ಓದುಗರು ಮುಗ್ಧರು, ಪುಸ್ತಕ ತಪ್ಪು, ಆದರೂ ಹೊಣೆ ಇಲ್ಲ. ಇಲ್ಲಿ ಪುಸ್ತಕ ಹೇಳಿದ್ದು ನಡೆಯುವಂಥದ್ದೇ, ಓದುಗ ಕೊಲೆಗಾರ, ಹೊಣೆ ಬರಬಹುದು ಎಂದಿತು ಕೋರ್ಟು. ಮೊದಲ ಸಲ ನೋಡಿದಾಗ ತಲೆಕೆಳಗು ಅನ್ನಿಸುತ್ತದೆ. ಆದರೆ ಅಣಬೆ ಪುಸ್ತಕದವರು ಯಾರೂ ವಿಷ ತಿನ್ನಲಿ ಅಂತ ಬಯಸಿರಲಿಲ್ಲ. ಎರಡೂ ತೀರ್ಪು ಸರಿ ಅಂತಲೇ ನಾನು ಅಂದುಕೊಂಡಿದ್ದೇನೆ.

ಗ್ರಂಥಾಲಯದವಳು

ತಡವಾಗಿ ಬಂದೆ, ಕ್ಷಮಿಸಿ. ಇಲ್ಲಿವರೆಗೆ ಎಲ್ಲರೂ ಬರೆದವರು, ಪ್ರಕಾಶಕರ ಬಗ್ಗೆ ಮಾತಾಡುತ್ತಿದ್ದೀರಿ. ಓದುವವರ ಬಗ್ಗೆಯೂ ಮಾತಾಡೋಣ. ಗ್ರಂಥಾಲಯದಲ್ಲಿ ನಾವು ನೋಡುವುದು ಅವರನ್ನೇ.

ಬ್ರಿಟನ್ನಿನಲ್ಲಿ 2000ದ ಭಯೋತ್ಪಾದನಾ ಕಾಯ್ದೆ ಇದೆ. ಅದರ 58ನೇ ಸೆಕ್ಷನ್ ಪ್ರಕಾರ, ಭಯೋತ್ಪಾದನೆಗೆ ತಯಾರಿ ನಡೆಸುವವನಿಗೆ ಉಪಯೋಗ ಆಗಬಹುದಾದ ಮಾಹಿತಿಯನ್ನು ಸುಮ್ನೆ ಇಟ್ಟುಕೊಳ್ಳುವುದೂ ಅಪರಾಧ. ಕೆಟ್ಟ ಉದ್ದೇಶ ಇತ್ತು ಎಂದು ಸರ್ಕಾರ ಸಾಬೀತು ಮಾಡಬೇಕಾಗಿಲ್ಲ. ನನಗೆ ತಕ್ಕ ಕಾರಣ ಇತ್ತು ಎಂಬ ವಾದವನ್ನು ಆರೋಪಿಯೇ ಎತ್ತಬೇಕು. ಶಿಕ್ಷೆ ಗರಿಷ್ಠ 10 ವರ್ಷ ಇದ್ದದ್ದನ್ನು 2019ರಲ್ಲಿ 15 ವರ್ಷ ಮಾಡಿದರು. ಆನ್‌ಲೈನ್‌ನಲ್ಲಿ ನೋಡುವುದನ್ನೂ ಸೇರಿಸಿದರು. ಬಾಂಬ್ ಮಾಡುವುದನ್ನು ಹೇಳಿಕೊಡುವ 1971ರ 'ದಿ ಅನಾರ್ಕಿಸ್ಟ್ ಕುಕ್‌ಬುಕ್' ಅಮೆರಿಕದಲ್ಲಿ ದಶಕಗಳ ಕಾಲ ರಾಜಾರೋಷವಾಗಿ ಮಾರಾಟವಾಯಿತು. ಬ್ರಿಟನ್ನಿನಲ್ಲಿ ಅದೇ ಪುಸ್ತಕ ಇಟ್ಟುಕೊಂಡ ಹುಡುಗರ ಮೇಲೆ ಕೇಸು ಬಿದ್ದಿದೆ.

ಇದು ನನಗೆ ಒಪ್ಪಿಗೆಯಿಲ್ಲ. ಓದುವವನ ಮನಸ್ಸಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹದಿನಾರು ಹದಿನೇಳರ ಹುಡುಗರು ಗಾಬರಿ ಹುಟ್ಟಿಸುವ ಪುಸ್ತಕ ಕೇಳುತ್ತಾರೆ. ವಿಷದ ಬಗ್ಗೆ, ಸರಣಿ ಕೊಲೆಗಾರರ ಬಗ್ಗೆ, ಬಾಂಬಿನ ಬಗ್ಗೆ. ನೂರಕ್ಕೆ ತೊಂಬತ್ತೊಂಬತ್ತು ಮಂದಿ ಕುತೂಹಲಕ್ಕೆ ಓದಿ ಮರೆಯುತ್ತಾರೆ ಅನ್ನುವುದು ಕೌಂಟರಿನ ಈಚೆ ಕೂತವರಿಗೆಲ್ಲ ಗೊತ್ತಿರುವ ವಿಷಯ. ನನ್ನ ಮುಂದೆ ಬಂದು ಮೆತ್ತಗೆ ಪುಸ್ತಕದ ಹೆಸರು ಹೇಳುವ ಹುಡುಗನನ್ನು ನಾನು ಅನುಮಾನದಿಂದ ನೋಡಲು ಶುರು ಮಾಡಿದರೆ ಅವನು ಮತ್ತೆ ಬರುವುದಿಲ್ಲ. ಯಾವ ಪುಸ್ತಕಕ್ಕೂ ಬರುವುದಿಲ್ಲ.

ಮಾರಿದವನನ್ನು ಹಿಡಿಯಿರಿ, ಸರಿ. ಓದಿದವನನ್ನು ಅವನು ಏನಾದರೂ ಮಾಡಹೊರಟಾಗ ಹಿಡಿಯಿರಿ. ಓದಿದ್ದಕ್ಕೇ ಹಿಡಿಯಬೇಡಿ.

ಮೇಷ್ಟ್ರು

'ದಿ ಅನಾರ್ಕಿಸ್ಟ್ ಕುಕ್‌ಬುಕ್' ಬರೆದ ವಿಲಿಯಂ ಪೊವೆಲ್ ಕತೆ ಇಲ್ಲಿ ಬರಲೇಬೇಕು. ಬರೆಯುವಾಗ ವಯಸ್ಸು 19. ವಿಯೆಟ್ನಾಂ ಯುದ್ಧದ ಸಿಟ್ಟು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಸೇನೆಯ ಕೈಪಿಡಿಗಳಿಂದ ವಿಷಯ ತೆಗೆದು ಬರೆದರು. ಅಂದರೆ ಸರ್ಕಾರವೇ ಅಚ್ಚು ಹಾಕಿದ ಮಾಹಿತಿ. ಆಮೇಲೆ ಅವರು ಶಿಕ್ಷಕರಾದರು, ಮನಸ್ಸು ಬದಲಾಯಿತು, ಇದನ್ನು ಅಚ್ಚಿನಿಂದ ತೆಗೆಯಿರಿ ಎಂದು ಬಹಿರಂಗವಾಗಿ ಕೇಳಿಕೊಂಡರು. 2013ರಲ್ಲಿ ಪತ್ರಿಕೆಯಲ್ಲೂ ಬರೆದರು. ಹಕ್ಕು ಅವರ ಹೆಸರಲ್ಲಿ ಇರಲಿಲ್ಲ, ಪ್ರಕಾಶಕರ ಹತ್ತಿರ ಇತ್ತು. ಪುಸ್ತಕ ನಿಲ್ಲಲಿಲ್ಲ. 2016ರಲ್ಲಿ ತೀರಿಕೊಂಡರು.

ಮಕ್ಕಳಿಗೆ ಪಾಠ ಹೇಳುವವನಾಗಿ ಈ ಮನುಷ್ಯನ ಬಗ್ಗೆ ನನಗೆ ತುಂಬಾ ಮರುಕ. ಪುಸ್ತಕಹುಳು ಅವರೇ, ನಿಮ್ಮ ಉದ್ದೇಶದ ಪರೀಕ್ಷೆಯನ್ನು ಇಲ್ಲಿ ಹಚ್ಚಿ ನೋಡಿ. 1971ರಲ್ಲಿ ಬರೆದವರಿಗೆ ರಾಜಕೀಯ ಸಿಟ್ಟಿತ್ತು. 1990ರಲ್ಲಿ ಅವರಿಗೆ ಅದು ಬೇಡವಾಗಿತ್ತು. ಪ್ರಕಾಶಕರಿಗೆ ಬೇಕಿದ್ದದ್ದು ವ್ಯಾಪಾರ. ಇದರಲ್ಲಿ ಯಾರ ಉದ್ದೇಶ ಲೆಕ್ಕಕ್ಕೆ?

ಪುಸ್ತಕಹುಳು

ಮೇಷ್ಟ್ರೇ, ಮಾರುವ ಹೊತ್ತಿನಲ್ಲಿ ಮಾರುವವನ ಉದ್ದೇಶ. ಬರೀ ವ್ಯಾಪಾರಕ್ಕೆ ಮಾರಿದವನ ಮೇಲೆ ನನ್ನ ಪರೀಕ್ಷೆ ಪ್ರಕಾರ ಹೊಣೆ ಬರುವುದಿಲ್ಲ. ಆ ಫಲಿತಾಂಶ ನನಗೆ ಖುಷಿ ಕೊಡುವುದಿಲ್ಲ, ಆದರೂ ಅದರ ಬೆಲೆ ತೆರಲು ಸಿದ್ಧ.

ಕರಿಕೋಟು

ಇಲ್ಲೇ ನನಗೂ ಪುಸ್ತಕಹುಳು ಅವರಿಗೂ ಭಿನ್ನಾಭಿಪ್ರಾಯ. ಕಾನೂನು ವಿದ್ವಾಂಸ ಯೂಜಿನ್ ವೊಲೊಕ್ 2005ರಲ್ಲಿ ಸ್ಟ್ಯಾನ್‌ಫರ್ಡ್ ಲಾ ರಿವ್ಯೂನಲ್ಲಿ ಇದರ ಬಗ್ಗೆಯೇ ಉದ್ದನೆಯ ಲೇಖನ ಬರೆದಿದ್ದಾರೆ. ಉದ್ದೇಶವನ್ನೇ ನೆಚ್ಚಿಕೊಳ್ಳುವುದರ ತೊಂದರೆ ಅದರಲ್ಲಿ ಚೆನ್ನಾಗಿ ಬಂದಿದೆ. ಒಂದೇ ಮಾಹಿತಿ ಒಳ್ಳೆಯ ಮನಸ್ಸಿನವನು ಹಾಕಿದರೂ ಕೆಟ್ಟ ಮನಸ್ಸಿನವನು ಹಾಕಿದರೂ ಓದುವವನ ಕೈಗೆ ಸಿಗುವುದು ಅದೇ. ಅಪಾಯ ಅಷ್ಟೇ, ಪ್ರಯೋಜನ ಅಷ್ಟೇ. ಅದರ ಮೇಲೆ, ಮನಸ್ಸನ್ನು ಜ್ಯೂರಿ ಊಹಿಸಬೇಕು. ಜನಕ್ಕೆ ಇಷ್ಟವಿಲ್ಲದ ರಾಜಕೀಯದವನು ಬರೆದಿದ್ದರೆ ಅವನ ಉದ್ದೇಶ ಕೆಟ್ಟದ್ದೇ ಅಂತ ಜ್ಯೂರಿಗೆ ಬೇಗ ಅನ್ನಿಸುತ್ತದೆ. ಪ್ಯಾಲಡಿನ್ ವಿಷಯದಲ್ಲಿ ನಮಗೆಲ್ಲ ಸಮಾಧಾನ ಆಗಿರುವುದು ಅವರೇ ಬರೆದುಕೊಟ್ಟ ಕಾರಣಕ್ಕೆ.

ಹಾಗಂತ ಕೈಚೆಲ್ಲಬೇಕಾಗಿಲ್ಲ. ಮನಸ್ಸನ್ನು ಊಹಿಸುವ ಬದಲು ಬರಹದಲ್ಲೇ ಎದ್ದು ಕಾಣುವುದನ್ನು ನೋಡುವ ದಾರಿ ಇದೆ. ಬಾಡಿಗೆ ಸೈನಿಕರ ಬಗ್ಗೆ ಬರೆಯುವ 'ಸೋಲ್ಜರ್ ಆಫ್ ಫಾರ್ಚೂನ್' ಪತ್ರಿಕೆಯ ಎರಡು ಪ್ರಕರಣ ನೋಡಿ. ಮಾಜಿ ಸೈನಿಕರು, ಅಪಾಯದ ಕೆಲಸ ಮಾಡಿಕೊಡುತ್ತೇವೆ ಎಂಬ ಧಾಟಿಯ ವರ್ಗೀಕೃತ ಜಾಹೀರಾತು ನೋಡಿ ಒಬ್ಬ ಕೊಲೆಗಾರನನ್ನು ಗೊತ್ತು ಮಾಡಿದ. 1989ರಲ್ಲಿ ಫಿಫ್ತ್ ಸರ್ಕ್ಯೂಟ್ ಪತ್ರಿಕೆಗೆ ಹೊಣೆ ಇಲ್ಲ ಎಂದಿತು. ಜಾಹೀರಾತಿಗೆ ಹತ್ತು ಅರ್ಥ ಬರಬಹುದು, ಎಲ್ಲವನ್ನೂ ತನಿಖೆ ಮಾಡುತ್ತಾ ಕೂರಲು ಆಗದು. ಇನ್ನೊಂದು ಜಾಹೀರಾತು 'ಬಾಡಿಗೆಗೆ ಬಂದೂಕು' ಎಂದು ಶುರುವಾಗಿ, ಗುಟ್ಟಾಗಿ ಮಾಡಿಕೊಡುತ್ತೇವೆ, ಯಾವ ಕೆಲಸವಾದರೂ ಸರಿ ಅನ್ನುತ್ತಿತ್ತು. ಅದರ ಮೂಲಕ ಗೊತ್ತಾದವರಿಂದ 1985ರಲ್ಲಿ ಅಟ್ಲಾಂಟಾದಲ್ಲಿ ಒಬ್ಬರ ಕೊಲೆಯಾಯಿತು. 1992ರಲ್ಲಿ ಇಲೆವೆಂತ್ ಸರ್ಕ್ಯೂಟ್ ಪತ್ರಿಕೆಯನ್ನು ಹೊಣೆ ಮಾಡಿತು. ಓದಿದೊಡನೆ ಅಪಾಯ ಎದ್ದು ಕಾಣುವಂತಿದ್ದರೆ ಮಾತ್ರ ಹೊಣೆ, ಬೇರೆ ತನಿಖೆ ಬೇಕಿಲ್ಲ ಎಂಬುದು ಅಲ್ಲಿನ ಸೂತ್ರ.

ಅಂದ ಹಾಗೆ, ಆ ಪತ್ರಿಕೆ ಸ್ಥಾಪಿಸಿದ ರಾಬರ್ಟ್ ಬ್ರೌನ್ ಅವರೇ 1970ರಲ್ಲಿ ಪ್ಯಾಲಡಿನ್ ಪ್ರೆಸ್ ಸ್ಥಾಪಿಸಿದ ಇಬ್ಬರಲ್ಲಿ ಒಬ್ಬರು. 'ಹಿಟ್ ಮ್ಯಾನ್' ಹೊತ್ತಿಗೆ ಅವರು ಅಲ್ಲಿರಲಿಲ್ಲ.

ಹೊಸಬ

ನಾನು ಹೊಸಬ, ಒಂದು ಪ್ರಶ್ನೆ. ಇದೆಲ್ಲ ಕೊಲೆ ಆದ ಮೇಲಿನ ಮಾತು. ಮೊದಲೇ ತಡೆದಿದ್ದರೆ ಮೂರು ಜೀವ ಉಳಿಯುತ್ತಿರಲಿಲ್ವಾ? ಪರಿಹಾರ ಕೊಟ್ಟರೆ ಸತ್ತವರು ಬರುತ್ತಾರಾ?

ಪುಸ್ತಕಹುಳು

ಬರುವುದಿಲ್ಲ. ಈ ಪ್ರಶ್ನೆಗೆ ಚೆನ್ನಾಗಿರುವ ಉತ್ತರ ಯಾರ ಹತ್ತಿರವೂ ಇಲ್ಲ. ನನ್ನ ಉತ್ತರ ಹೇಳುತ್ತೇನೆ.

ಮೊದಲೇ ತಡೆಯುವ ಪ್ರಯತ್ನ ಒಮ್ಮೆ ದೊಡ್ಡದಾಗಿಯೇ ನಡೆದಿದೆ. 1979ರಲ್ಲಿ 'ದಿ ಪ್ರೊಗ್ರೆಸಿವ್' ಎಂಬ ಪತ್ರಿಕೆ ಹೈಡ್ರೋಜನ್ ಬಾಂಬ್ ಹೇಗೆ ಕೆಲಸ ಮಾಡುತ್ತದೆ ಎಂಬ ಲೇಖನ ಹಾಕಲು ಹೊರಟಿತು. ಬರೆದವರು ಹೊವರ್ಡ್ ಮೋರ್ಲಂಡ್. ಅವರ ಬಳಿ ಯಾವ ರಹಸ್ಯ ಕಡತವೂ ಇರಲಿಲ್ಲ. ಎಲ್ಲರಿಗೂ ಸಿಗುವ ಪುಸ್ತಕ, ಸಂದರ್ಶನಗಳಿಂದ ಜೋಡಿಸಿದ್ದರು. ಸರ್ಕಾರ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ತಪ್ಪಾದರೆ ಜಗತ್ತೇ ಉಳಿಯದು, ಹಾಗಾಗಿ ತಡೆಯುವುದೇ ಮೇಲು ಎಂದು ನ್ಯಾಯಾಧೀಶರು ಯೋಚಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಕೈ ನಡುಗುತ್ತಿತ್ತು. ಆದರೆ ಆರು ತಿಂಗಳಲ್ಲಿ ಅದೇ ವಿಷಯ ಬೇರೊಂದು ಪತ್ರಿಕೆಯಲ್ಲಿ ಪತ್ರದ ರೂಪದಲ್ಲಿ ಬಂತು. ಸರ್ಕಾರ ಕೇಸು ಕೈಬಿಟ್ಟಿತು. ನವೆಂಬರ್‌ನಲ್ಲಿ ಲೇಖನವೂ ಬಂತು.

ತಡೆಯಾಜ್ಞೆಯಿಂದ ಆದ ಒಂದು ಕೆಲಸ ಅಂದರೆ, ಆ ಆರು ತಿಂಗಳು ಇಡೀ ದೇಶ ಆ ಲೇಖನದ ಬಗ್ಗೆ ಮಾತಾಡಿತು. 'ಹಿಟ್ ಮ್ಯಾನ್' ಕತೆಯೂ ಅಷ್ಟೇ. ಪ್ರತಿಗಳನ್ನು ನಾಶ ಮಾಡಿದ ಮೇಲೆ ಪಠ್ಯ ಅಂತರ್ಜಾಲದಲ್ಲಿ ಹರಡಿತು.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಮುಂಚೆಯೇ ತಡೆಯುವವನು ಸರ್ಕಾರದ ನೌಕರ. ಅವನು ತಡೆದದ್ದು ಸರಿಯಾ ತಪ್ಪಾ ಅಂತ ನಾವು ನೋಡುವುದಕ್ಕೇ ಆಗುವುದಿಲ್ಲ, ಯಾಕಂದ್ರೆ ಪುಸ್ತಕವೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಂತರದ ದಾವೆಯಲ್ಲಿ ಪುಸ್ತಕ, ಕೊಲೆ, ಪುರಾವೆ ಎಲ್ಲವೂ ಎಲ್ಲರೆದುರಿಗೆ ಬರುತ್ತವೆ.

ನೇರಮಾತು

ಹೊಸಬ ಅವರ ಪ್ರಶ್ನೆಗೆ ನನ್ನದೂ ಒಂದು ಮಾತು. ಬಾಂಬಿನ ವಿಷಯದಲ್ಲಿ ಅಮೆರಿಕವೇ 1999ರಲ್ಲಿ ಕಾನೂನು ತಂದಿದೆಯಲ್ಲ? ಸ್ಫೋಟಕ ಮಾಡುವುದು ಕಲಿಸಿದರೆ 20 ವರ್ಷದವರೆಗೆ ಜೈಲು. ಹಾಗಾದರೆ ನಾನು ಹೇಳಿದ್ದರಲ್ಲಿ ತಪ್ಪೇನು?

ಕರಿಕೋಟು

ಕಾನೂನು ಇದೆ, ಆದರೆ ಪೂರ್ತಿ ಓದಿ. ಬರೀ ಕಲಿಸಿದ್ದಕ್ಕೆ ಶಿಕ್ಷೆ ಇಲ್ಲ. ಹಿಂಸೆಯ ಅಪರಾಧಕ್ಕೆ ಬಳಸಲಿ ಎಂಬ ಉದ್ದೇಶದಿಂದ ಕಲಿಸಿರಬೇಕು, ಇಲ್ಲವೇ ಎದುರಿಗಿರುವ ಇಂಥ ವ್ಯಕ್ತಿ ಅದಕ್ಕೇ ಬಳಸುತ್ತಾನೆ ಎಂದು ಗೊತ್ತಿದ್ದು ಕಲಿಸಿರಬೇಕು. 1997ರಲ್ಲಿ ನ್ಯಾಯ ಇಲಾಖೆ ಸಂಸತ್ತಿಗೆ ಒಂದು ವರದಿ ಕೊಟ್ಟಿತ್ತು. ಬಾಂಬ್ ಮಾಹಿತಿ ಗ್ರಂಥಾಲಯಗಳಲ್ಲಿ, ಅಂತರ್ಜಾಲದಲ್ಲಿ ಬೇಕಾದಷ್ಟು ಸಿಗುತ್ತದೆ ಎಂದು ಒಪ್ಪಿಕೊಂಡೇ, ಉದ್ದೇಶ ಇರುವ ಕಡೆ ಮಾತ್ರ ಶಿಕ್ಷಿಸಿದರೆ ಸಂವಿಧಾನಕ್ಕೆ ಹೊಂದುತ್ತದೆ ಎಂದಿತ್ತು. ಮೇಷ್ಟ್ರ ಪಾಠ ಇದರಲ್ಲಿ ಬರುವುದಿಲ್ಲ.

ಭಾರತದ ಬಗ್ಗೆ ಯಾರಾದರೂ ಕೇಳುವ ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹೇಳುವ ನಮ್ಮ ಸಂವಿಧಾನದ 19(2)ನೇ ವಿಧಿಯಲ್ಲಿ ಅಪರಾಧಕ್ಕೆ ಪ್ರಚೋದನೆ ಎಂಬ ಕಾರಣ 1951ರ ತಿದ್ದುಪಡಿಯಿಂದ ಬಂದಿದೆ. ಚರ್ಚೆ ಬೇರೆ, ಸಮರ್ಥನೆ ಬೇರೆ, ಪ್ರಚೋದನೆಗೆ ಮುಟ್ಟಿದಾಗಲೇ ನಿರ್ಬಂಧ ಎಂದು ನಮ್ಮ ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಾಲ್ ತೀರ್ಪು ಹೇಳಿದೆ. ಬೇಕೆಂದೇ ನೆರವಾಗುವುದು ದುಷ್ಪ್ರೇರಣೆಯ ಕಲಮಿನಲ್ಲಿ ಬರುತ್ತದೆ. ಆದರೆ ಪುಸ್ತಕ ಮುಟ್ಟುಗೋಲು ಹಾಕುವ ಅಧಿಕಾರ, 2024ರವರೆಗೆ ಇದ್ದ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮು, ಹೆಸರಿಸುತ್ತಿದ್ದದ್ದು ರಾಜದ್ರೋಹ, ಗುಂಪುಗಳ ನಡುವೆ ದ್ವೇಷ, ಅಶ್ಲೀಲತೆ, ಧಾರ್ಮಿಕ ಭಾವನೆಗೆ ಧಕ್ಕೆ ಇಂಥವುಗಳನ್ನು. ಕೊಲೆಯ ಕೈಪಿಡಿ ಆ ಪಟ್ಟಿಯಲ್ಲಿ ಹೆಸರಿಟ್ಟು ಬಂದಿರಲಿಲ್ಲ. ಪುಸ್ತಕಗಳ ಬಗ್ಗೆ ನಾವು ಯಾವುದಕ್ಕೆ ಹೆದರಿದ್ದೇವೆ ಅನ್ನುವುದು ಆ ಪಟ್ಟಿಯಿಂದಲೇ ತಿಳಿಯುತ್ತದೆ.

ಕತೆಗಾರ

ಕರಿಕೋಟು ಮೇಡಂ, ಪ್ರಾಯೋಗಿಕವಾಗಿ ಕೇಳುತ್ತೇನೆ. ನನ್ನ ಮುಂದಿನ ಕಾದಂಬರಿಯಲ್ಲಿ ಒಂದು ವಿಷಪ್ರಾಶನ ಇದೆ. ಪ್ರಮಾಣ, ಹೆಸರು ಎಲ್ಲ ಸರಿಯಾಗಿ ಹಾಕಬೇಕಾ, ಬೇಡವಾ?

ಕರಿಕೋಟು

ಹಾಕುವುದಕ್ಕೆ ಕಾನೂನಿನ ಅಡ್ಡಿ ನನಗೆ ಕಾಣುವುದಿಲ್ಲ. ಕಾದಂಬರಿಯನ್ನು ಕೈಪಿಡಿ ಅಂತ ಪ್ರಚಾರ ಮಾಡಬೇಡಿ ಅಂತ ನಿಮ್ಮ ಪ್ರಕಾಶಕರಿಗೆ ಹೇಳಿ. ಬೆನ್ನುಪುಟದಲ್ಲಿ 'ಓದಿ ಕಲಿಯಿರಿ' ಅನ್ನುವಂಥ ಮಾತು ಹಾಕಲು ಬಿಡಬೇಡಿ.

ಮೇಷ್ಟ್ರು

ಕಾನೂನು ಪಕ್ಕಕ್ಕಿಟ್ಟು ನಾನೊಂದು ಹೇಳಲಾ? ಪ್ರಮಾಣ ಬೇಡ ಕತೆಗಾರರೇ. ಓದುಗನಿಗೆ ಬೇಕಾಗಿರುವುದು ಸತ್ತವನ ಬಾಯಿ ಒಣಗಿದ್ದು, ಬಡಿಸಿದವಳ ಕೈ ನಡುಗಿದ್ದು. ಎಷ್ಟು ಗ್ರಾಂ ಅನ್ನುವುದು ಬೇಕಾಗಿರುವುದು ಬೇರೆ ಥರದ ಓದುಗನಿಗೆ.

ಕತೆಗಾರ

ಪ್ರಮಾಣ ತೆಗೆಯುತ್ತೇನೆ ಮೇಷ್ಟ್ರೇ. ಯಾರೂ ತೆಗೆಸಿದ್ದಲ್ಲ, ನಾನಾಗಿ ತೆಗೆಯುತ್ತಿದ್ದೇನೆ. ವಿಷದ ಹೆಸರು ಮಾತ್ರ ಇರುತ್ತದೆ, ಕತೆಗೆ ಅದು ಬೇಕು.